30,000 ಕಿ.ಮೀ. ಓಡಿದರೆ ಬೈಕ್ ಮುಗೀತಾ?

"30,000 ಕಿ.ಮೀ. ದಾಟಿದ ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್ ತಗೋಬೇಡಿ, ಎಂಜಿನ್ ಮುಗಿದಿರುತ್ತೆ" ಎಂಬ ಮೆಸೇಜು ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಬೈಕಿಗೆ ಇದು ದೊಡ್ಡ ಓಟವೇ ಅಲ್ಲ. ಇಲ್ಲಿಂದ ದಿನಾ ಚಿತ್ರದುರ್ಗಕ್ಕೆ ಡ್ಯೂಟಿಗೆ ಹೋಗಿಬಂದರೆ ಒಂದೇ ವರ್ಷಕ್ಕೆ ಹೆಚ್ಚುಕಮ್ಮಿ ಅಷ್ಟಾಗುತ್ತೆ, ಅಲ್ವಾ?

ನನಗೆ ಭಯ ಆಗೋದು ಮೂರು ವರ್ಷ ಸುಮ್ನೆ ನಿಂತ 8,000 ಕಿ.ಮೀ. ಗಾಡಿ ಕಂಡರೆ. ಟ್ಯಾಂಕಿನೊಳಗೆ ತುಕ್ಕು, ಟೈರು ಕಲ್ಲು. ಟೈರಿನ ಪಕ್ಕದಲ್ಲಿ 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆ ಮೇಲೆ ಬೆರಳಾಡಿಸಿ, ಎಣ್ಣೆ ಅಂಟಿದರೆ ಅದನ್ನು ತಡೆಯುವ ಸೀಲು ಹೋಗಿದೆ. ಮೀಟರ್ ತಿರುಗಿಸುವವರೂ ಇದ್ದಾರೆ, ಸರ್ವಿಸ್ ಬಿಲ್ಲು ಕೇಳಿ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಿ, ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗದೆ ಹೋಗಬಹುದು. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ, ಇನ್ನೊಂದು ದಿನ ಬರ್ತೀನಿ ಅನ್ನಿ.