ಆ ಕೆಸರು ಜಾಗಕ್ಕೆ ಯಾರು ದುಡ್ಡು ಹಾಕ್ತಾರೆ ಅಂತೆ!

ಕೆರೆ ಸುತ್ತ ಇರುವ ಐವತ್ತು ಮನೆಗಳಿಗೂ ನಾನೇ ಹೋಗಿ, ಕೆರೆ ಪಕ್ಕದ ಜೌಗು ನೆಲ ಉಳಿಸುವ ಸಭೆಗೆ ಕರೆದಿದ್ದೆ. ಎಲ್ಲರೂ "ಖಂಡಿತ ಬರ್ತೀವಿ" ಅಂದರು. ಬಂದವರು ಏಳು ಜನ. ಅದರಲ್ಲಿ ಇಬ್ಬರು ಅರ್ಧಕ್ಕೇ ಎದ್ದು ಹೋದರು.

ಕೆರೆಗೆ ಹಳ್ಳ ಬಂದು ಸೇರುವ ಕಡೆ ಒಂದಿಷ್ಟು ಜೌಗು ನೆಲ ಇದೆ. ಅದು ಮಾರಾಟಕ್ಕೆ ಬಂದಿದೆ. ಎಲ್ಲರೂ ಸೇರಿ ಕೊಂಡು ಹಾಗೇ ಬಿಡಬಹುದು. ಆಗದಿದ್ದರೆ, ಅಲ್ಲಿ ಕಟ್ಟಡ ಏಳಬಾರದು ಅಂತ ಮಾಲೀಕರ ಹತ್ತಿರ ಬರೆಸಿಕೊಳ್ಳಬಹುದು. ಅಷ್ಟು ಹೇಳುವುದರೊಳಗೆ ಒಬ್ಬರು, "ಆ ಕೆಸರು ಜಾಗಕ್ಕೆ ಯಾರ್ರೀ ದುಡ್ಡು ಹಾಕ್ತಾರೆ?" ಅಂದರು. ಮೈಯೆಲ್ಲ ಉರಿದುಹೋಯಿತು.

ಆ ಕೆಸರೇ ರೀ ನಮ್ಮ ಕೆರೆಯ ಜರಡಿ! ಜೋರು ಮಳೆಗೆ ಮೇಲಿನಿಂದ ರಾಡಿಯಾಗಿ ನುಗ್ಗುವ ನೀರು ಅಲ್ಲಿನ ಜೊಂಡಿನ ನಡುವೆ ನಿಧಾನವಾಗುತ್ತದೆ. ಹೂಳು ಅಲ್ಲೇ ಕೂರುತ್ತದೆ. ಪಾಚಿಗೆ ಆಹಾರವಾಗುವ ಫಾಸ್ಫರಸ್ ಹೆಚ್ಚಾಗಿ ಆ ಮಣ್ಣಿಗೆ ಅಂಟಿಕೊಂಡೇ ಬರುವುದು. 1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂದು ಕೆರೆಯ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದ್ದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಫಾಸ್ಫರಸ್ ಹಾಕಿದ್ದು ಒಂದೇ ಕಡೆ. ಆ ಭಾಗ ಮಾತ್ರ ಪಾಚಿಯಿಂದ ಹಸಿರಾಯಿತು. ಮೇಲಿಂದ ತೆಗೆದ ಆ ಫೋಟೋವನ್ನೂ ಸಭೆಯಲ್ಲಿ ತೋರಿಸಿದೆ. ನೋಡುವುದಕ್ಕೆ ಜನ ಇರಬೇಕಲ್ವಾ?

ಇನ್ನು ಪಕ್ಕದ ಮನೆಯವರ ಕಥೆ. ಹೋದ ವಾರ ದಡದ ಜೊಂಡನ್ನೆಲ್ಲ ಬುಡಸಮೇತ ಕೀಳಿಸಿದರು. ನೀರು ಚೆನ್ನಾಗಿ ಕಾಣಬೇಕಂತೆ. ಕಿತ್ತು ರಾಶಿ ಹಾಕಿದ್ದರಲ್ಲಿ ಕಪ್ಪೆ ಮೊಟ್ಟೆಯ ಲೋಳೆ ದಂಟಿಗೆ ಮೆತ್ತಿಕೊಂಡು ಬಿಸಿಲಿಗೆ ಒಣಗುತ್ತಿತ್ತು. ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟೆ. ಜಾಸ್ತಿಯೆಲ್ಲ ಆಗಲೇ ಸತ್ತಿತ್ತು. ಈಗ ಅಲ್ಲಿ ನೀರಿನ ಅಂಚಿನವರೆಗೂ ಲಾನ್, ಲಾನಿಗೆ ಗೊಬ್ಬರ. ಒಂದು ಮಳೆ ಬಂದರೆ ಅದೆಲ್ಲ ನೇರ ಕೆರೆಗೆ. ಆಮೇಲೆ ಪಾಚಿ ಬೆಳೆದು, ಸತ್ತು ಕೊಳೆತು, ನೀರಿನ ಆಮ್ಲಜನಕ ಕಮ್ಮಿಯಾಗಿ ಮೀನು ತೇಲಿದಾಗ "ಕೆರೆ ನಾರ್ತಿದೆ, ಯಾರೂ ಏನೂ ಮಾಡ್ತಿಲ್ಲ" ಅಂತ ಮೊದಲು ಕೂಗುವವರೂ ಇವರೇ.

ಬರುವ ಭಾನುವಾರ ಮತ್ತೆ ಮನೆ ಮನೆಗೆ ಬರುತ್ತೇನೆ. ದಯವಿಟ್ಟು "ನೋಡೋಣ" ಅಂತ ಸುಮ್ನೆ ಸಾಗಹಾಕಬೇಡಿ. ಬರಲ್ಲ ಅಂದರೆ ಬರಲ್ಲ ಅಂತ ಮುಖಕ್ಕೇ ಹೇಳಿಬಿಡಿ.