‘ಕೈ ಎತ್ತಬೇಡ’ ಅನ್ನಬೇಡಿ

2023ರ ಏಪ್ರಿಲ್. ಬೆಂಗಳೂರಿನ ಒಂದು ಆಸ್ಪತ್ರೆ. ಸಿಟಿ ಸ್ಕ್ಯಾನ್ ಮೇಜಿನ ಮೇಲೆ ನನ್ನನ್ನು ಮಲಗಿಸಿ, "ಅಮ್ಮಾ, ಎಡಗೈ ತಲೆ ಮೇಲೆ ತಗೊಳ್ಳಿ" ಅಂದರು. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಅಲ್ಲಿದ್ದ ಹುಡುಗ ಮೆಲ್ಲಗೆ ಹಿಡಿದು ಎತ್ತಲು ನೋಡಿದ. ನಾನು ಕಿರುಚಿಕೊಂಡೆ.

ಅದು ಸ್ತನ ಕ್ಯಾನ್ಸರ್‌ಗೆ ಕರೆಂಟ್ ಕೊಡುವ ಮೊದಲು ಮಾಡುವ ಸ್ಕ್ಯಾನ್. ಕರೆಂಟ್ ಕೊಡುವಾಗ ಕೈ ತಲೆಯ ಮೇಲಿರಬೇಕು. ರೇಡಿಯೇಷನ್‌ಗೆ ನಮ್ಮ ಕಡೆ ಎಲ್ಲರೂ ಕರೆಂಟ್ ಅಂತಲೇ ಅನ್ನುವುದು. ಕೈ ಅಡ್ಡ ಇಲ್ಲದಿದ್ದರೆ ತಾನೇ ಎದೆಗೆ, ಕಂಕುಳಿಗೆ ಅದು ಸರಿಯಾಗಿ ಬೀಳುವುದು. ದಿನಾ ಹಾಗೇ ಅಲುಗಾಡದೆ ಮಲಗಬೇಕು. ನನಗೆ ಅದು ಆಗಲಿಲ್ಲ. "ಕೈ ಎತ್ತೋಕೆ ಬಂದ ಮೇಲೆ ಬನ್ನಿ" ಅಂತ ವಾಪಸ್ ಕಳಿಸಿದರು. ಚಿಕಿತ್ಸೆ 17 ದಿನ ತಡವಾಯಿತು.

ತಡವಾಗಲು ಕಾರಣ ಇಷ್ಟೇ. ಆಪರೇಷನ್ ಆಗಿ ಏಳು ವಾರ ನಾನು ಆ ಕೈಯನ್ನು ಸರಿಯಾಗಿ ಆಡಿಸಿರಲಿಲ್ಲ. ಆಡಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಆಡಿಸಬೇಡ ಅಂತ ಮಾತ್ರ ಎಲ್ಲರೂ ಹೇಳಿದ್ದರು.

ಈ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆ. ಸಣ್ಣ ಕಾಫಿ ತೋಟ. 2022ರ ಆಗಸ್ಟ್‌ನಲ್ಲಿ ಸ್ನಾನ ಮಾಡುವಾಗ ಎಡಗಡೆ ಗಂಟು ಕೈಗೆ ಸಿಕ್ಕಿತು. ಗಂಟು ದೊಡ್ಡದಿದ್ದುದರಿಂದ ಮೊದಲು ಕೀಮೋ, ಆಮೇಲೆ ಆಪರೇಷನ್, ಆಮೇಲೆ ಕರೆಂಟ್ ಅಂತ ಡಾಕ್ಟರು ತೀರ್ಮಾನ ಮಾಡಿದರು. 21 ದಿನಕ್ಕೊಂದರಂತೆ ಎಂಟು ಕೀಮೋ.

ಮೊದಲ ನಾಲ್ಕು ಕೆಂಪು ಔಷಧಿ. ಅದರ ಸುಸ್ತು ಎಂಥದ್ದು ಅಂತ ಹೇಗೆ ಹೇಳಲಿ. ತೋಟದಲ್ಲಿ ದಿನವಿಡೀ ಹಣ್ಣು ಕೊಯ್ದು ಬಂದಾಗಲೂ ಸುಸ್ತಾಗುತ್ತದೆ, ಆದರೆ ಬಿಸಿನೀರು ಹುಯ್ದುಕೊಂಡು ಮಲಗಿದರೆ ಬೆಳಗ್ಗೆ ಹೋಗಿರುತ್ತದೆ. ಈ ಸುಸ್ತು ಹಾಗಲ್ಲ. ಹತ್ತು ಗಂಟೆ ನಿದ್ದೆ ಮಾಡಿ ಎದ್ದರೂ ಅಲ್ಲೇ ಇರುತ್ತದೆ. ಮಲಗಿದಷ್ಟೂ ಜಾಸ್ತಿಯಾಗುತ್ತದೆ. ಎರಡನೇ ಕೀಮೋ ದಿನ ಅಲ್ಲಿನ ಸಿಸ್ಟರ್ ಒಬ್ಬರಿಗೆ ಹೀಗೆಂದು ಹೇಳಿದೆ. ಸೂಜಿ ಚುಚ್ಚುತ್ತಲೇ ಅವರು, "ನಡೀರಿ ಅಮ್ಮಾ. ಹತ್ತು ನಿಮಿಷ ಆದ್ರೂ ನಡೀರಿ. ನಡೆದ್ರೇ ಇದು ಇಳಿಯೋದು" ಅಂದರು. ಅಷ್ಟೇ. ಆ ಒಂದು ಮಾತು ಎಷ್ಟು ಕೆಲಸ ಮಾಡಿತು ಅಂತ ಅವರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಹುಬ್ಬೆ ಮಳೆ ಹಿಡಿದಿತ್ತು. ಹೊರಗೆ ಕಾಲಿಡುವ ಹಾಗಿಲ್ಲ, ಕಣದಲ್ಲಿ ಪಾಚಿ. ನಮ್ಮ ಮನೆಯ ಜಗಲಿ ಈ ತುದಿಯಿಂದ ಆ ತುದಿಗೆ 18 ಹೆಜ್ಜೆ. ಅಲ್ಲೇ ಶುರು ಮಾಡಿದೆ. ಕೀಮೋ ಆದ ಮೊದಲ ನಾಲ್ಕು ದಿನ ಬಚ್ಚಲಿಗೆ ಹೋಗಿ ಬಂದರೆ ಅದೇ ದೊಡ್ಡದು. ಐದನೇ ದಿನದಿಂದ ನಡಿಗೆ. ಲೆಕ್ಕ ತಪ್ಪುತ್ತಿತ್ತು, ಕೀಮೋದಲ್ಲಿ ಮರೆವು ಬರುತ್ತದೆ. ಅದಕ್ಕೆ ಕಿಟಕಿಯ ಮೇಲೆ ಎರಡು ಬಟ್ಟಲು ಇಟ್ಟುಕೊಂಡೆ. ಒಂದರಲ್ಲಿ ಕಾಫಿ ಬೀಜ. ಒಂದು ಸುತ್ತು ಮುಗಿದರೆ ಒಂದು ಬೀಜ ಆ ಬಟ್ಟಲಿಂದ ಈ ಬಟ್ಟಲಿಗೆ. ಮೊದಲ ದಿನ ಆರು ಬೀಜ. ಆರಕ್ಕೇ ಗೋಡೆಗೊರಗಿ ಕೂತೆ. ಮೂರನೇ ಕೀಮೋ ಹೊತ್ತಿಗೆ ನಲವತ್ತು. ಕೀಮೋ ಆದ ವಾರ ಮತ್ತೆ ಹತ್ತಕ್ಕೆ ಇಳಿಯುತ್ತಿತ್ತು, ಆಮೇಲೆ ಏರುತ್ತಿತ್ತು. ಇಳಿದಾಗ ಬೇಜಾರು ಮಾಡಿಕೊಳ್ಳಬಾರದು ಅಂತ ಕಲಿಯುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು.

ಕೊನೆಯ ನಾಲ್ಕು ಕೀಮೋದಲ್ಲಿ ಪಾದ ಜೋಮು ಹಿಡಿದಂತಾಯಿತು. ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗುತ್ತಿರಲಿಲ್ಲ. ಆಗ ಪಟ್ಟಿ ಇರುವ ಶೂ ಹಾಕಿಕೊಂಡು, ಗೋಡೆಗೆ ಕೈ ಆನಿಸಿಕೊಂಡು ನಡೆದೆ. ಇದು ಎಷ್ಟೋ ಜನರಿಗೆ ಆಗುತ್ತದೆ. ಬಿದ್ದು ಮೂಳೆ ಮುರಿದುಕೊಂಡರೆ ಇನ್ನೊಂದು ಕಷ್ಟ. ಹುಷಾರಾಗಿರಿ.

ಇಷ್ಟೆಲ್ಲ ನಡೆದವಳು ಆಪರೇಷನ್ ಆದ ಮೇಲೆ ಕೈ ಯಾಕೆ ಆಡಿಸಲಿಲ್ಲ ಅಂತ ನೀವು ಕೇಳಬಹುದು. ಹೆದರಿಕೆ. ಎದೆಯ ಜೊತೆ ಕಂಕುಳಿನ ಗಂಟುಗಳನ್ನೂ, ಅಂದರೆ ಅಲ್ಲಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರು. ಪಕ್ಕದಲ್ಲಿ ಗಾಯದ ನೀರು ಇಳಿಯುವ ಡ್ರೈನ್ ಡಬ್ಬಿ ನೇತಾಡುತ್ತಿತ್ತು. ಹೊಲಿಗೆ ಬಿಟ್ಟುಕೊಂಡರೆ ಅನ್ನುವ ಭಯ. ಡಿಸ್ಚಾರ್ಜ್ ಚೀಟಿಯಲ್ಲಿ ಐದು ಬಗೆ ಮಾತ್ರೆ ಬರೆದಿತ್ತು. ಹೊಲಿಗೆ ಬಿಚ್ಚುವ ದಿನ ಬರೆದಿತ್ತು. ಏನು ತಿನ್ನಬೇಕು ಅಂತ ಬರೆದಿತ್ತು. ಕೈಯ ವ್ಯಾಯಾಮದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮನೆಗೆ ಬಂದರೆ ನಮ್ಮತ್ತೆ, "ಸುಮ್ನೆ ಮಲಕ್ಕೋ ಮಗಾ, ಕೈ ಎತ್ತಬ್ಯಾಡ" ಅಂದರು. ನೋಡಲು ಬಂದವರೆಲ್ಲ ಅದೇ. ಒಂದು ಲೋಟ ನೀರು ತಗೊಳ್ಳಲು ಹೋದರೂ ಯಾರಾದರೂ ಓಡಿ ಬರುತ್ತಿದ್ದರು. ಅವರ ಪ್ರೀತಿಯನ್ನು ನಾನು ಯಾವತ್ತೂ ಮರೆಯುವುದಿಲ್ಲ. ಮೂರು ತಿಂಗಳು ನನ್ನತ್ತೆ ನನಗೆ ಗಂಜಿ ಕಾಯಿಸಿ ಕೊಟ್ಟಿದ್ದಾರೆ. ಆದರೆ ಅದೇ ಪ್ರೀತಿಯಲ್ಲಿ ನನ್ನ ಭುಜ ಕಟ್ಟಿಹೋಯಿತು. ಇದನ್ನು ಹೇಳದೆ ಇರಲಾರೆ.

ಬೆಂಗಳೂರಿನಿಂದ ವಾಪಸ್ ಬಂದ ಮಾರನೇ ದಿನವೇ ಚಿಕ್ಕಮಗಳೂರಿನಲ್ಲಿ ಫಿಜಿಯೋಥೆರಪಿ ಮಾಡುವವರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಯನ್ನು ಸ್ವಲ್ಪ ಹೊರಗೆ ಚಾಚಿಸಿ, ಕಂಕುಳಿಂದ ಮೊಳಕೈವರೆಗೆ ಬೆರಳಾಡಿಸಿ ತೋರಿಸಿದಳು. ಚರ್ಮದ ಕೆಳಗೆ ಹುರಿ ಎಳೆದು ಕಟ್ಟಿದ ಹಾಗೆ ಇತ್ತು. ಕಂಕುಳಿನ ಆಪರೇಷನ್ ಆದವರಲ್ಲಿ ಇದು ಕಾಣಿಸಿಕೊಳ್ಳುವುದುಂಟು, ಮೆಲ್ಲಗೆ ಎಳೆದಾಡಿಸಿದರೆ ಬಿಡುತ್ತದೆ ಅಂದಳು. ನಾನು ವಾರಗಟ್ಟಲೆ ಅದನ್ನು ನರ ಕಡಿದುಹೋಗಿದೆ ಅಂದುಕೊಂಡು ಯಾರಿಗೂ ಹೇಳದೆ ಅತ್ತಿದ್ದೆ.

ಅವಳು ಹೇಳಿಕೊಟ್ಟದ್ದರಲ್ಲಿ ಒಂದು ಗೋಡೆ ಹತ್ತುವುದು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಹಲ್ಲಿ ಹತ್ತುವ ಹಾಗೆ ಒಂದೊಂದಾಗಿ ಮೇಲಕ್ಕೆ ಹತ್ತಿಸುವುದು. ಎಳೆತ ಬಂದಲ್ಲಿ ನಿಲ್ಲಿಸಿ ನಾಲ್ಕು ಸಲ ಉಸಿರು ಎಳೆದು ಬಿಡುವುದು. ಮತ್ತೆ ಇಳಿಯುವುದು. ಮನೆಯಲ್ಲಿ ಉಗ್ರಾಣದ ಬಾಗಿಲ ಪಕ್ಕ ಒಂದು ಪೆನ್ಸಿಲ್ಲನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದೇವೆ. ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ನಮ್ಮನೆಯವರು ಅದರಲ್ಲೇ ಬರೆದುಕೊಳ್ಳುವುದು. ನಾನು ಅದೇ ಗೋಡೆ ಹಿಡಿದೆ. ಬೆರಳು ಮುಟ್ಟಿದಲ್ಲಿ ಅವರು ಗೆರೆ ಎಳೆದು ತಾರೀಕು ಹಾಕುತ್ತಿದ್ದರು. ಮೊದಲ ಗೆರೆ ನೆಲದಿಂದ 4 ಅಡಿ 4 ಇಂಚು. ಕೆಲವು ದಿನ ಇಂಚುಗಟ್ಟಲೆ, ಕೆಲವು ದಿನ ಕೂದಲೆಳೆಯಷ್ಟು. ಎರಡು ದಿನ ಗೆರೆ ಕೆಳಗೇ ಬಂತು. 17ನೇ ದಿನ 5 ಅಡಿ 11 ಇಂಚು. ಅವತ್ತು ರಾತ್ರಿಯೇ ಬೆಂಗಳೂರಿನ ಬಸ್ಸು ಹತ್ತಿದೆವು. ಮಾರನೇ ದಿನ ಆ ಮೇಜಿನ ಮೇಲೆ ಕೈ ತಲೆ ಮೇಲೆ ಹೋಯಿತು. ನೋಯುತ್ತಿತ್ತು, ಆದರೆ ಹೋಯಿತು.

ಆಮೇಲೆ ಮಗಳ ಹತ್ತಿರ ಹುಡುಕಿಸಿ ಓದಿದೆ. ಇದು ಯಾರೋ ಒಬ್ಬ ಫಿಜಿಯೋ ಹೇಳಿದ ಮಾತಲ್ಲ. ಇಂಗ್ಲೆಂಡಿನಲ್ಲಿ 392 ಹೆಂಗಸರ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಭುಜ ಕಟ್ಟುವ ಸಾಧ್ಯತೆ ಜಾಸ್ತಿ ಇರುವವರಿಗೆ ಆಪರೇಷನ್ ಆದ 7ರಿಂದ 10 ದಿನದೊಳಗೇ ಫಿಜಿಯೋ ವ್ಯಾಯಾಮ ಶುರು ಮಾಡಿಸಿದರು. ಒಂದು ವರ್ಷ ಬಿಟ್ಟು ನೋಡಿದರೆ, ಬರೀ ಕೈಪಿಡಿ ಕೊಟ್ಟು ಕಳಿಸಿದವರಿಗಿಂತ ಇವರ ಕೈ ಚೆನ್ನಾಗಿ ಆಡುತ್ತಿತ್ತು. ತೊಂದರೆ ಏನೂ ಜಾಸ್ತಿಯಾಗಲಿಲ್ಲ. ಅಲ್ಲಿ ಕೈಪಿಡಿಯಾದರೂ ಸಿಗುತ್ತಿತ್ತು ಅನ್ನುವುದನ್ನು ಗಮನಿಸಿ.

ಇನ್ನು ಭಾರದ ವಿಷಯ. ಆ ಕೈಯಲ್ಲಿ ಜೀವನಪೂರ್ತಿ ಏನೂ ಎತ್ತಬಾರದು, ಎತ್ತಿದರೆ ಕೈ ಊದಿಕೊಳ್ಳುತ್ತದೆ ಅನ್ನುವುದು ಬಹಳ ಹಳೆಯ ಮಾತು. ಊತದ ಭಯ ಸುಳ್ಳಲ್ಲ. ಕಂಕುಳಿನ ಗಂಟು ತೆಗೆದಾಗ ಕೈಯಿಂದ ನೀರು ಹರಿದುಹೋಗುವ ದಾರಿ ಕಿರಿದಾಗುತ್ತದೆ. ಆದರೆ ಕೆನಡಾದ ಡಾನ್ ಮೆಕೆಂಜಿ ಅನ್ನುವ ಡಾಕ್ಟರು 1996ರಲ್ಲೇ ಸ್ತನ ಕ್ಯಾನ್ಸರ್ ಆದ 24 ಹೆಂಗಸರಿಗೆ ದೋಣಿ ಹುಟ್ಟು ಹಾಕಿಸಿದರು. ಅವರಲ್ಲಿ ಒಬ್ಬರಿಗೂ ಹೊಸದಾಗಿ ಕೈ ಊದಲಿಲ್ಲ. 2009ರಲ್ಲಿ ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಜ್ ಮತ್ತು ಜೊತೆಯವರು ಇನ್ನೂ ಮುಂದೆ ಹೋದರು. ಆಗಲೇ ಕೈ ಊತ ಇದ್ದ 141 ಹೆಂಗಸರಲ್ಲಿ ಅರ್ಧ ಜನಕ್ಕೆ ವಾರಕ್ಕೆ ಎರಡು ಸಲ ಭಾರ ಎತ್ತಿಸಿದರು. ಬಹಳ ಕಡಿಮೆ ಭಾರದಿಂದ ಶುರು, ಮೆಲ್ಲಮೆಲ್ಲಗೆ ಏರಿಕೆ, ಕೈಗೆ ಬಿಗಿ ತೋಳುಚೀಲ, ಮೇಲೆ ಕಲಿತವರ ಕಣ್ಣು. ಒಂದು ವರ್ಷದಲ್ಲಿ ಊತ ಉಲ್ಬಣಿಸಿದ್ದು ಭಾರ ಎತ್ತದವರಲ್ಲೇ ಜಾಸ್ತಿ, ಹತ್ತಿರಹತ್ತಿರ ಎರಡರಷ್ಟು. ನಾನು ಇದನ್ನು ಓದಿ ಮರುದಿನವೇ ಅರ್ಧ ಲೀಟರ್ ನೀರಿನ ಬಾಟ್ಲಿಯಿಂದ ಶುರು ಮಾಡಿದೆ. ಈಗ ಎರಡು ಕೆಜಿ. ಅವಸರ ಮಾಡಲಿಲ್ಲ. ಎಡಗೈಯ ಬಳೆ ಬಿಗಿಯಾಯಿತಾ, ರವಿಕೆ ತೋಳು ಹಿಡಿಯುತ್ತಿದೆಯಾ ಅಂತ ಮಾತ್ರ ದಿನಾ ನೋಡಿಕೊಳ್ಳುತ್ತೇನೆ. ಊತ ಶುರುವಾದರೆ ಮೊದಲು ಹೇಳುವುದು ಬಳೆಯೇ.

"ಮನೆ ಕೆಲಸ ಮಾಡ್ತೀನಲ್ಲ, ಅದೇ ವ್ಯಾಯಾಮ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಗುಡಿಸುವಾಗ, ಪಾತ್ರೆ ತೊಳೆಯುವಾಗ ಬೆನ್ನು ಬಗ್ಗಿರುತ್ತದೆ, ಕೈ ಭುಜದಿಂದ ಮೇಲೆ ಹೋಗುವುದೇ ಇಲ್ಲ. ಉಸಿರು ಒಂದೇ ಸಮ ಏರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹೊತ್ತು ನಮ್ಮದಲ್ಲ. ನಮ್ಮ ಊರುಗಳಲ್ಲಿ ಹೆಂಗಸು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ "ಎಲ್ಲಿಗೆ?" ಅಂತ ಹತ್ತು ಜನ ಕೇಳುತ್ತಾರೆ. ತಲೆಗೆ ಬಟ್ಟೆ ಕಟ್ಟಿಕೊಂಡು, ರವಿಕೆಯ ಒಂದು ಕಡೆ ಹತ್ತಿ ತುಂಬಿಕೊಂಡು ಹೊರಟವಳಿಗೆ ಆ ಪ್ರಶ್ನೆ ಎಷ್ಟು ಭಾರ! ನಾನು ಹೊರಗೆ ನಡೆಯಲು ಶುರು ಮಾಡಿದ್ದು ಚಿಕ್ಕಮಗಳೂರಿನ ಅಕ್ಕನ ಮನೆಯಲ್ಲಿದ್ದಾಗ, ರತ್ನಗಿರಿ ಬೋರೆಯ ಪಾರ್ಕಿನಲ್ಲಿ. ಅಲ್ಲಿ ಎಲ್ಲರೂ ನಡೆಯಲೆಂದೇ ಬಂದಿರುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ಏರು ಹತ್ತುವಾಗ ಅಕ್ಕನ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸು ಸಾಕು. ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ ಅಷ್ಟು ನಡೆದರೂ ಕ್ಯಾನ್ಸರಿನ ಸುಸ್ತು, ಕಳವಳ ಇಳಿಯುತ್ತದೆ ಅಂತ 2019ರಲ್ಲಿ ತಜ್ಞರ ದೊಡ್ಡ ತಂಡವೇ ಹೇಳಿದೆ. ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಈಗ ನಾನು ನುಂಗುವ ಲೆಟ್ರೋಜೋಲ್ ಮಾತ್ರೆಗೆ ಬೆಳಗ್ಗೆ ಬೆರಳು, ಮಂಡಿ ಹಿಡಿದುಕೊಳ್ಳುತ್ತವೆ, ಮೂಳೆಯೂ ಸವೆಯುತ್ತದೆ. ನಡೆದ ದಿನ ಮಂಡಿ ಹಗುರ. ನಡೆಯದ ದಿನ ಮಧ್ಯಾಹ್ನದವರೆಗೂ ಹಿಡಿತ.

ಒಂದು ಮಾತು ಇಲ್ಲಿ ಹೇಳಲೇಬೇಕು. ರೆಸ್ಟ್ ಜಾಸ್ತಿ ಆಯಿತು ಅನ್ನುವುದು ನನ್ನಂಥವರ ಕಥೆ. ನಮ್ಮ ತೋಟಕ್ಕೆ ಬರುವ ಒಬ್ಬ ಹೆಣ್ಣಾಳಿಗೂ ಇದೇ ಆಪರೇಷನ್ ಆಗಿತ್ತು. ಒಂದೇ ತಿಂಗಳಿಗೆ ಆಕೆ ಸೌದೆ ಹೊರೆ ಹೊತ್ತು ಬಂದಳು. ಕೈ ಕಂಬದಂತೆ ಊದಿತ್ತು. ಆಕೆಗೆ ಹೋಗಿ "ಕೈ ಆಡಿಸು" ಅನ್ನಲು ನನಗೆ ಬಾಯಿ ಬರಲಿಲ್ಲ. ಆಕೆಗೆ ಬೇಕಾದದ್ದು ಮೊದಲ ತಿಂಗಳುಗಳಲ್ಲಿ ಹಗುರ ಕೆಲಸ, ಪೂರ್ತಿ ಕೂಲಿ, ಆಮೇಲೆ ಭಾರವನ್ನು ಮೆಲ್ಲಗೆ ಏರಿಸಲು ಹೇಳಿಕೊಡುವ ಒಬ್ಬರು. ನಾವು ಆಕೆಗೆ ಕಣದಲ್ಲಿ ಬೀಜ ಆರಿಸುವ ಕೆಲಸ ಕೊಟ್ಟೆವು, ಕೂಲಿ ಕಡಿಮೆ ಮಾಡಲಿಲ್ಲ. ಫಿಜಿಯೋ ಹತ್ತಿರವೂ ಕರೆದುಕೊಂಡು ಹೋದೆ. ತೋಟ ಇರುವ ಎಲ್ಲರೂ ಇಷ್ಟನ್ನಾದರೂ ಮಾಡಬೇಕು ಅಂತ ನಾನು ಕೈಮುಗಿದು ಕೇಳುತ್ತೇನೆ.

ಎಲ್ಲರಿಗೂ ಒಂದೇ ವ್ಯಾಯಾಮ ಅಲ್ಲ, ಇದನ್ನೂ ತಿಳಿದಿರಿ. ಡ್ರೈನ್ ಇರುವಾಗ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತುವ ಮೊದಲು ಸರ್ಜನ್‌ರನ್ನು ಕೇಳಿ. ಕಾಯಿಲೆ ಮೂಳೆಗೆ ಹೋಗಿದ್ದರೆ, ಹೃದಯದ ಎಕೋದಲ್ಲಿ ವ್ಯತ್ಯಾಸ ಇದ್ದರೆ, ರಕ್ತ ತೀರಾ ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟೇ ಮಾಡಿ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ವಾಕಿಂಗ್ ಅಲ್ಲ, ತಕ್ಷಣ ಆಸ್ಪತ್ರೆ. ಎದೆ ನೋವು, ತಲೆಸುತ್ತು, ಒಂದೇ ಕಾಲು ದಿಢೀರ್ ಊದುವುದು, ಕೈ ಕೆಂಪಾಗಿ ಬಿಸಿಯಾಗುವುದು, ಇವಕ್ಕೂ ಕಾಯಬೇಡಿ.

ಪ್ರತಿ ಅಕ್ಟೋಬರ್‌ನಲ್ಲಿ ಗುಲಾಬಿ ರಿಬ್ಬನ್ ಕಟ್ಟಿ ಜಾಗೃತಿ ಕಾರ್ಯಕ್ರಮ ಮಾಡುತ್ತಾರೆ. ಗಂಟು ಇದೆಯಾ ನೋಡಿಕೊಳ್ಳಿ ಅನ್ನುತ್ತಾರೆ. ಬೇಕು, ಖಂಡಿತ ಬೇಕು. ಆದರೆ ಗಂಟು ಸಿಕ್ಕಿ, ಎಲ್ಲ ಚಿಕಿತ್ಸೆಯೂ ಮುಗಿದು ಮನೆಗೆ ಬಂದವಳು ಮೇಲಿನ ಕಪಾಟಿನ ಡಬ್ಬಿ ಹೇಗೆ ತೆಗೆಯಬೇಕು, ರವಿಕೆ ಹೇಗೆ ಹಾಕಿಕೊಳ್ಳಬೇಕು ಅಂತ ಆ ವೇದಿಕೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮಾತ್ರೆ ಬರೆಯುವ ಚೀಟಿಯಲ್ಲೇ ವ್ಯಾಯಾಮವನ್ನೂ ಬರೆಯಲಿ. ಎಷ್ಟು ಸಲ, ಯಾವ ದಿನದಿಂದ ಅಂತ ಕನ್ನಡದಲ್ಲಿ ಬರೆಯಲಿ. ಆಪರೇಷನ್‌ಗೆ ಮೊದಲೇ ಫಿಜಿಯೋ ಬಂದು ಎರಡೂ ಕೈಯನ್ನು ಟೇಪು ಹಿಡಿದು ಅಳೆದಿಡಲಿ, ಆಮೇಲೆ ಊದಿದರೆ ಹೋಲಿಸಲು ಲೆಕ್ಕ ಇರುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಕೋಟಿ ರೂಪಾಯಿ ಬೇಡ.

ಮೊನ್ನೆ ಮೂಡಿಗೆರೆ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ನಮ್ಮ ನಾದಿನಿಗೆ ಪರಿಚಯ. ಎಲ್ಲ ಕೇಳಿಸಿಕೊಂಡು ಕೊನೆಗೆ, "ಅಕ್ಕಾ, ಗೋಡೆ ಹತ್ತುವಾಗ ನೋವಾಗಲ್ವಾ?" ಅಂದರು. ಆಗುತ್ತೆ, ಎಳೆದ ಹಾಗೆ ಆದರೆ ನಿಂತು ಉಸಿರು ಬಿಡಿ, ಚುಚ್ಚಿದ ಹಾಗೆ ಆದರೆ ಕೆಳಗಿಳಿಸಿ ಅಂದೆ. ನಮ್ಮ ಉಗ್ರಾಣದ ಗೋಡೆಯ ಗೆರೆಗಳ ಫೋಟೋ ತೆಗೆದು ಕಳಿಸಿದ್ದೇನೆ. ಸೋಮವಾರ ಅವರಿಗೆ ಆಪರೇಷನ್. ಡಿಸ್ಚಾರ್ಜ್ ಆದ ದಿನ ಫೋನ್ ಮಾಡುತ್ತೇನೆ ಅಂದಿದ್ದಾರೆ. ವ್ಯಾಯಾಮದ ಚೀಟಿ ಕೊಟ್ಟರಾ ಅಂತ ಮೊದಲು ಅದನ್ನೇ ಕೇಳುತ್ತೇನೆ. ಕೊಟ್ಟಿಲ್ಲ ಅಂದರೆ ವಾರ್ಡಿಗೆ ವಾಪಸ್ ಹೋಗಿ ಕೇಳಿ ಇಸಕೊಳ್ಳಿ ಅನ್ನುತ್ತೇನೆ.