ಏಳಿಂಚಿನ ಕಿಟಕಿ, ಬಿಸಿ ಬಿಸಿ ಬಜ್ಜಿ

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದರೆ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಕೈಯಲ್ಲಿ ಹಿಡಿದು ಆಡುವ ಒಂದು ಗೇಮಿಂಗ್ ಕಂಪ್ಯೂಟರು, ಅದಕ್ಕೊಂದು ಡಾಕು, ಡಾಕಿಗೊಂದು ಕೀಬೋರ್ಡು, ಪಕ್ಕದಲ್ಲೊಂದು ಪೆನ್‌ಡ್ರೈವು. ಇಷ್ಟರ ಮೇಲೆ ಬಾಗಿ ಕೂತಿದ್ದ ಅಕ್ಕನ ಮಗ ಶಶಿಯ ಮುಖದಲ್ಲಿ ಆಪರೇಷನ್ ಥಿಯೇಟರಿನ ಗಾಂಭೀರ್ಯ.

"ಏನೋ ಇದು?"

"ಬಜೈಟ್ ಹಾಕ್ತಾ ಇದೀನಿ ಮಾವ."

"ಬಜ್ಜಿನಾ? ಯಾವುದು, ಮೆಣಸಿನಕಾಯಿದಾ?"

"ಅಯ್ಯೋ ಮಾವ, ಬಜೈಟ್. ಓಎಸ್ಸು. ಫೆಡೋರಾ ಲಿನಕ್ಸ್ ಮೇಲೆ ಕಟ್ಟಿರೋದು. ಫ್ರೀ."

ಓಎಸ್ಸು ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ; ವಿಂಡೋಸ್ ಒಂದು, ಯಾರು ಬೇಕಾದರೂ ಬಿಟ್ಟಿ ಬಳಸಬಹುದಾದ ಲಿನಕ್ಸ್ ಇನ್ನೊಂದು. ಇದು ಎಪ್ಪತ್ತು ಸಾವಿರದ ಆಸುಪಾಸು ಕೊಟ್ಟು ತಂದ ಯಂತ್ರ. ವಿಂಡೋಸ್ 11 ಹಾಕಿಕೊಂಡೇ ಪೆಟ್ಟಿಗೆಯಿಂದ ಹೊರಬಂದಿದೆ, ಅದರ ದುಡ್ಡೂ ಬೆಲೆಯೊಳಗೇ ಸೇರಿಹೋಗಿದೆ. ಈಗ ಅದನ್ನು ಒರೆಸಿಹಾಕಿ ಬಿಟ್ಟಿ ಸಿಗುವುದನ್ನು ತುಂಬುತ್ತಿದ್ದಾನೆ. ಛತ್ರದ ಊಟಕ್ಕೆ ದುಡ್ಡು ಕಟ್ಟಿ ಮನೆಯಿಂದ ಬುತ್ತಿ ಒಯ್ದ ಹಾಗಾಯಿತಲ್ಲ ಎಂದೆ. "ಬುತ್ತೀನೇ ರುಚಿ ಮಾವ" ಎಂದ, ತಲೆಯೆತ್ತದೆ.

ನಾನು ನಕ್ಕೆ. ಆಮೇಲೆ ವಿಚಾರಿಸಿ ನೋಡಿದರೆ, ಇಡೀ ಪ್ರಕರಣದಲ್ಲಿ ಸ್ವಲ್ಪವಾದರೂ ಬುದ್ಧಿ ನೆಟ್ಟಗಿರುವವನು ಇವನೊಬ್ಬನೇ ಅನ್ನಿಸಿತು.

ಏಳಿಂಚಿನ ಪರದೆಯ ಮೇಲೆ ವಿಂಡೋಸ್ ಹೇಗಿರುತ್ತದೆ ಎಂದು ನೋಡಿಲ್ಲದವರಿಗಾಗಿ ಹೇಳುತ್ತೇನೆ. ಮೌಸು, ಕೀಬೋರ್ಡು, ಅಗಲವಾದ ಮೇಜು ಇವೆಲ್ಲ ಇರುವ ಗುಮಾಸ್ತರಿಗಾಗಿ ಬೆಳೆದ ವ್ಯವಸ್ಥೆ ಅದು. ಅದನ್ನು ಅಂಗೈಗೆ ಇಳಿಸಿದಾಗ ಗುಮಾಸ್ತರು ಹೋದರು, ಕಚೇರಿ ಮಾತ್ರ ಉಳಿಯಿತು. ಮೊದಲು ಇಂಟರ್ನೆಟ್ ಕೇಳುತ್ತದೆ. ಆಮೇಲೆ ಮೈಕ್ರೋಸಾಫ್ಟ್ ಖಾತೆ. ಖಾತೆಗೆ ಪಾಸ್‌ವರ್ಡು, ಎರಡು ಹೆಬ್ಬೆರಳಿನಲ್ಲಿ ಕುಟ್ಟಬೇಕು. ದೊಡ್ಡಕ್ಷರ, ಚಿಕ್ಕಕ್ಷರ, ಒಂದು ಅಂಕಿ, ಒಂದು ಚಿಹ್ನೆ. ರಾಕ್ಷಸನ ತಲೆ ಕಡಿಯಲು ಹೊರಟ ವೀರನನ್ನು ಬಾಗಿಲಲ್ಲೇ ತಡೆದು, "ನಿಮ್ಮ ಕಡತಗಳನ್ನು ಒನ್‌ಡ್ರೈವಿನಲ್ಲಿ ಭದ್ರವಾಗಿ ಇಡೋಣವೇ? ಮೈಕ್ರೋಸಾಫ್ಟ್ 365 ಬೇಕಿತ್ತೇ?" ಎಂದು ವಿಚಾರಿಸುತ್ತದೆ. ವೀರನ ಹತ್ತಿರ ಕಡತವೇ ಇಲ್ಲ. ಇರುವುದು ಕತ್ತಿ.

ಇದಕ್ಕೆ ಎದುರಾಗಿ ನಿಂತದ್ದು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಎಂಬ ಕಂಪನಿ. ಅದರ ಯಜಮಾನ ಗೇಬ್ ನ್ಯೂವೆಲ್ 13 ವರ್ಷ ಮೈಕ್ರೋಸಾಫ್ಟಿನಲ್ಲೇ ಅನ್ನ ಉಂಡವರು. 2012ರಲ್ಲಿ ವಿಂಡೋಸ್ 8 ನೋಡಿ ಇದು ಮಹಾ ದುರಂತ ಎಂದು ಸಾರ್ವಜನಿಕವಾಗಿಯೇ ಹೇಳಿ, ಮರುವರ್ಷ ಲಿನಕ್ಸ್ ಆಧಾರದ ಸ್ಟೀಮ್ ಓಎಸ್ ಹೊರಡಿಸಿದರು. 2015ರಲ್ಲಿ ಸ್ಟೀಮ್ ಮಷೀನ್ ಎಂಬ ಡಬ್ಬಗಳೂ ಬಂದವು. ಬಂದಷ್ಟೇ ಬೇಗ ಹೋದವು, ಯಾಕೆಂದರೆ ಆಡಲು ಸಾಕಷ್ಟು ಆಟಗಳಿರಲಿಲ್ಲ. ಹೆಚ್ಚಿನ ಆಟ ಬರೆದಿದ್ದು ವಿಂಡೋಸಿಗೆ. ಹೊಸ ಛತ್ರ ಕಟ್ಟಿಸಿದರು, ಅಡುಗೆಭಟ್ಟರೆಲ್ಲ ಹಳೇ ಛತ್ರದಲ್ಲೇ ಉಳಿದರು.

ಆಗ ನೆರವಿಗೆ ಬಂದದ್ದು ವೈನ್. ಅಂಗಡಿಯಲ್ಲಿ ಸಿಗುವುದಲ್ಲ, ಲಿನಕ್ಸಿನ ಮೇಲೆ ವಿಂಡೋಸ್ ತಂತ್ರಾಂಶ ಓಡಿಸುವ ವೈನ್. 1993ರಲ್ಲಿ ಶುರುವಾದ ಈ ಕೆಲಸ 1.0 ಎಂಬ ಮೊದಲ ಪಕ್ಕಾ ಆವೃತ್ತಿಗೆ ತಲುಪಿದ್ದು 2008ರಲ್ಲಿ. ನಮ್ಮ ಫ್ಲೈಓವರುಗಳ ಬಗ್ಗೆ ಗೊಣಗುವವರು ಇದನ್ನು ಗಮನಿಸಬೇಕು. ಇದನ್ನೇ ಬುನಾದಿ ಮಾಡಿಕೊಂಡು ವಾಲ್ವ್ 2018ರ ಆಗಸ್ಟಿನಲ್ಲಿ ಪ್ರೋಟಾನ್ ಹೊರತಂದಿತು. ಅದರ ಕೆಲಸ ದುಭಾಷಿಯದು. ಆಟ ವಿಂಡೋಸ್ ಭಾಷೆಯಲ್ಲಿ "ಇಲ್ಲಿ ನೆರಳು ಬಿಡಿಸು" ಅನ್ನುತ್ತದೆ, ದುಭಾಷಿ ತಿರುಗಿ ಲಿನಕ್ಸಿಗೆ ಹೇಳುತ್ತಾನೆ, ಲಿನಕ್ಸ್ ಬಿಡಿಸುತ್ತದೆ. ತಾನು ವಿಂಡೋಸಿನಲ್ಲೇ ಇದ್ದೇನೆಂದು ಆಟ ಕೊನೆಯವರೆಗೂ ನಂಬಿರುತ್ತದೆ. 2022ರ ಫೆಬ್ರವರಿಯಲ್ಲಿ ಸ್ಟೀಮ್ ಓಎಸ್ ಹಾಕಿದ ವಾಲ್ವಿನದೇ ಕೈಯಂತ್ರ ಸ್ಟೀಮ್ ಡೆಕ್ ಬಂತು, 399 ಡಾಲರಿನಿಂದ ಶುರು. ಗುಂಡಿ ಒತ್ತಿದರೆ ಆಟ ನಿದ್ದೆ ಹೋಗುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಟ್ಟ ಜಾಗದಲ್ಲೇ ಎದ್ದು ಕೂರುತ್ತದೆ. ಒನ್‌ಡ್ರೈವಿನ ಸುದ್ದಿಯೇ ಇಲ್ಲ.

2025ರ ಮೇ ತಿಂಗಳಿನಲ್ಲಂತೂ ಮಾನ ಹೋಗುವ ಕೆಲಸ ಆಯಿತು. ಲೆನೊವೊ ತನ್ನ ಲೀಜನ್ ಗೋ ಎಸ್ ಎಂಬ ಒಂದೇ ಯಂತ್ರವನ್ನು ಎರಡು ರೀತಿ ಮಾರತೊಡಗಿತು: ವಿಂಡೋಸ್ ಇರುವುದು, ಸ್ಟೀಮ್ ಓಎಸ್ ಇರುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದವರಿಗೆ ಕಂಡದ್ದೇನೆಂದರೆ, ವಿಂಡೋಸಿಗಾಗಿಯೇ ಬರೆದ ಎಷ್ಟೋ ಆಟಗಳು ವಿಂಡೋಸಿಗಿಂತ ಲಿನಕ್ಸಿನಲ್ಲೇ ಜೋರಾಗಿ ಓಡುತ್ತಿವೆ. ಮಧ್ಯೆ ದುಭಾಷಿ ಕೂತಿದ್ದರೂ! ಗಂಡಹೆಂಡತಿ ನೇರ ಮಾತಾಡಿದ್ದಕ್ಕಿಂತ ಪಕ್ಕದ ಮನೆಯವರ ಮೂಲಕ ಹೇಳಿಕಳಿಸಿದ್ದು ಬೇಗ ತಲುಪಿತು ಅಂದರೆ, ಆ ಸಂಸಾರದ ಬಗ್ಗೆ ನಾವು ಏನೆಂದುಕೊಳ್ಳಬೇಕು?

ಮೈಕ್ರೋಸಾಫ್ಟಿನವರೂ ಸುಮ್ಮನೆ ಕೂರಲಿಲ್ಲ. 2025ರ ಅಕ್ಟೋಬರ್ 16ಕ್ಕೆ ಏಸಸ್ ಜೊತೆ ಸೇರಿ ಎಕ್ಸ್‌ಬಾಕ್ಸ್ ಹೆಸರಿನ ಕೈಯಂತ್ರ ಬಿಟ್ಟರು. ಮೇಲಿನ ದರ್ಜೆಯದಕ್ಕೆ 999 ಡಾಲರ್ 99 ಸೆಂಟ್. ಒಂದು ಸೆಂಟು ಪಾಪ, ಬಡವರಿಗೆಂದು ಬಿಟ್ಟಿದ್ದಾರೆ. ಹೆಸರು ಎಕ್ಸ್‌ಬಾಕ್ಸ್ ಆದರೂ ಎಕ್ಸ್‌ಬಾಕ್ಸ್ ಡಬ್ಬಕ್ಕೆ ಮಾಡಿದ ಆಟ ನೇರವಾಗಿ ಇದರಲ್ಲಿ ಓಡುವುದಿಲ್ಲ. ಅದರ ಪಿಸಿ ಆವೃತ್ತಿ ಇರಬೇಕು, ಇಲ್ಲವೇ ಇಂಟರ್ನೆಟ್ಟಿನ ಮೂಲಕ ಹರಿದುಬರಬೇಕು. ಇದರ ದೊಡ್ಡ ಹೆಮ್ಮೆ ಏನು ಗೊತ್ತೇ? ಯಂತ್ರ ಹೊತ್ತಿಸಿದಾಗ ವಿಂಡೋಸಿನ ಡೆಸ್ಕ್‌ಟಾಪ್ ಲೋಡ್ ಆಗುವುದೇ ಇಲ್ಲ, ಅದರಿಂದ 2 ಜಿಬಿವರೆಗೆ ಮೆಮೊರಿ ಉಳಿಯುತ್ತದೆ ಎಂದು ಅವರೇ ಹೇಳಿಕೊಂಡರು. ವಿಂಡೋಸಿನ ಹೊಸ ಸೌಲಭ್ಯ ಅಂದರೆ ವಿಂಡೋಸ್ ಕಾಣಿಸಿಕೊಳ್ಳದೇ ಇರುವುದು. "ನಮ್ಮ ಭಾಷಣಕಾರರು ಈ ಸಲ ಮಾತಾಡುವುದಿಲ್ಲ, ಆದ್ದರಿಂದ ಎಲ್ಲರೂ ಬನ್ನಿ" ಎಂದು ಕರಪತ್ರ ಹಂಚಿದ ಹಾಗೆ.

ಆದರೆ ಅಸಲಿ ತಮಾಷೆ ಇರುವುದು ಆನ್‌ಲೈನ್ ಆಟಗಳ ಬಾಗಿಲಲ್ಲಿ. ಅಲ್ಲೊಬ್ಬ ಕಾವಲುಗಾರ, ಹೆಸರು ಆಂಟಿ-ಚೀಟ್. ಮೋಸದಾಟ ಹಿಡಿಯುವುದು ಅವನ ಕೆಲಸ. ಕೆಲವು ಕಾವಲುಗಾರರು ಗೇಟಿನಲ್ಲಿ ನಿಲ್ಲುವವರಲ್ಲ. ಓಎಸ್ಸಿನ ಒಳತಿರುಳಾದ ಕರ್ನಲ್ ಎಂಬ ದೇವರಮನೆಗೇ ಚಪ್ಪಲಿ ಹಾಕಿಕೊಂಡು ನುಗ್ಗುತ್ತಾರೆ. ಆ ಜಾಗದಲ್ಲಿ ಒಬ್ಬ ಎಡವಿದರೆ ಏನಾಗುತ್ತದೆಂದು 2024ರ ಜುಲೈ 19ರಂದು ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಬೇರೆ ಜಾತಿಯ, ಕಂಪನಿಗಳ ಕಂಪ್ಯೂಟರು ಕಾಯುವ ಕಾವಲುಗಾರ ಅಲ್ಲಿ ಮುಗ್ಗರಿಸಿ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆದರೂ ವಿಂಡೋಸಿಗೆ ಬರೆದ ಕಾವಲುಗಾರರಿಗೆ ದೇವರಮನೆಯ ದಾರಿ ಸಿಗದ ಲಿನಕ್ಸಿನ ಮೇಲೇ ಅನುಮಾನ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ. ಬ್ಯಾಟಲ್‌ಐ ಎಂಬ ಕಾವಲು ಕಂಪನಿ 2021ರಲ್ಲೇ ಪ್ರೋಟಾನಿಗೆ ಒಪ್ಪಿಕೊಂಡಿತ್ತು. ಆಟದವರು ಹೂಂ ಅಂದರೆ ಸಾಕು. 2024ರ ಸೆಪ್ಟೆಂಬರಿನಲ್ಲಿ ರಾಕ್‌ಸ್ಟಾರ್ ತನ್ನ ಜಿಟಿಎ ಆನ್‌ಲೈನಿಗೆ ಇದೇ ಬ್ಯಾಟಲ್‌ಐ ತಂದಿತು. ಡೆಕ್ಕಿನಲ್ಲಿ ಅಲ್ಲಿವರೆಗೆ ನಡೆಯುತ್ತಿದ್ದ ಆಟ ನಿಂತುಹೋಯಿತು. ಯಾಕೆ ಸ್ವಾಮಿ ಅಂದರೆ, ಸ್ಟೀಮ್ ಡೆಕ್ ಇದಕ್ಕೆ ಹೊಂದುವುದಿಲ್ಲ ಎಂಬ ಉತ್ತರ. ವರ ಕೊಟ್ಟ ದೇವರು ಪಕ್ಕದಲ್ಲೇ ನಿಂತಿದ್ದಾನೆ, ಪೂಜಾರಿ "ಇವತ್ತು ದರ್ಶನವಿಲ್ಲ" ಎಂದು ಬೋರ್ಡು ತಗುಲಿಸಿ ಊಟಕ್ಕೆ ಹೋಗಿದ್ದಾರೆ.

ಅದಕ್ಕೂ ಎರಡು ವರ್ಷ ಹಿಂದೆ ಬಂಗೀ ಕಂಪನಿ ಇನ್ನೂ ಮುಂದೆ ಹೋಗಿ, ಡೆಸ್ಟಿನಿ 2 ಆಟವನ್ನು ಡೆಕ್ಕಿನಲ್ಲಿ ಹೇಗಾದರೂ ಮಾಡಿ ಆಡಲು ಯತ್ನಿಸಿದವರನ್ನು ಆಟದಿಂದಲೇ ಬಹಿಷ್ಕರಿಸುವುದಾಗಿ ಗುಡುಗಿತು. 2024ರ ಅಕ್ಟೋಬರ್ ಕೊನೆಯಲ್ಲಿ ಅಪೆಕ್ಸ್ ಲೆಜೆಂಡ್ಸ್‌ನವರು ಲಿನಕ್ಸಿನವರಿಗೆ ಕದ ಹಾಕಿದರು. ಅವರು ಕೊಟ್ಟ ಕಾರಣ, ಲಿನಕ್ಸ್ ಮುಕ್ತವಾಗಿದೆ, ಹಾಗಾಗಿ ಮೋಸಗಾರರಿಗೆ ಅನುಕೂಲ. ವಿಂಡೋಸಿನಲ್ಲಿ ಮೋಸಗಾರರು ಇಲ್ಲವೇ? ಇದ್ದಾರೆ, ಆದರೆ ಅವರು ಮನೆಯವರು.

ಎಪಿಕ್ ಗೇಮ್ಸ್ ಮಾತ್ರ ಗಾದೆಯನ್ನೇ ಸೋಲಿಸಿತು. ಫೋರ್ಟ್‌ನೈಟ್ ಆಟ ಎಪಿಕ್‌ನದು. ಈಸಿ ಆಂಟಿ-ಚೀಟ್ ಎಂಬ ಕಾವಲು ಕಂಪನಿಯೂ ಎಪಿಕ್‌ನದೇ. 2021ರ ಸೆಪ್ಟೆಂಬರಿನಲ್ಲಿ ಆ ಕಾವಲುಗಾರ ಲಿನಕ್ಸಿಗೂ ಸಿದ್ಧ, ಯಾರು ಬೇಕಾದರೂ ಬಳಸಿ ಎಂದು ಸಾರಿದರು. ಹಾಗಾದರೆ ಫೋರ್ಟ್‌ನೈಟ್ ಬರುತ್ತದೆಯೇ ಎಂದು ಕೇಳಿದವರಿಗೆ ಎಪಿಕ್ ಮುಖ್ಯಸ್ಥ ಟಿಮ್ ಸ್ವೀನಿ 2022ರಲ್ಲಿ ಇಲ್ಲ ಎಂದರು. ಮಿಕ್ಕವರ ಆಟಗಳು ಡೆಕ್ಕಿಗೆ ಹೊಂದುವಂತೆ ಮಾಡಲು ಈಸಿ ಆಂಟಿ-ಚೀಟ್‌ನಲ್ಲಿ ಭಾರಿ ಕೆಲಸ ನಡೆದಿದೆ ಎಂದೂ ಅದೇ ಉಸಿರಿನಲ್ಲಿ ಸೇರಿಸಿದರು. ಇಲ್ಲಿ ದೇವರೂ ಅವರೇ, ಪೂಜಾರಿಯೂ ಅವರೇ. ಎಡಗೈಯಲ್ಲಿ ವರ ಕೊಟ್ಟು ಬಲಗೈಯಲ್ಲಿ ಕಿತ್ತುಕೊಳ್ಳುವ ಈ ಪೂಜಾವಿಧಾನ ಯಾವ ಆಗಮದ್ದೋ ಕಾಣೆ.

ಇಷ್ಟು ಹೇಳಿ ಲಿನಕ್ಸಿನ ಕಡೆಯವರನ್ನು ಸುಮ್ಮನೆ ಬಿಟ್ಟರೆ ಪಕ್ಷಪಾತವಾದೀತು. ನಾಲ್ವರು ಲಿನಕ್ಸ್ ಭಕ್ತರು ಸೇರಿದರೆ ಐದು ಮಠ, ಅಂದರೆ ಐದು ಬಗೆಯ ಲಿನಕ್ಸ್. ಸ್ಟೀಮ್ ಓಎಸ್ ಮೊದಲು ಡೆಬಿಯನ್ ಪರಂಪರೆಯದು, ಈಗ ಆರ್ಚ್‌ಗೆ ಮತಾಂತರ. ಬಜೈಟ್, ನೊಬಾರಾ ಫೆಡೋರಾ ಶಾಖೆ. ಕೈಮೆರಾ, ಕ್ಯಾಷಿ ಮತ್ತೆ ಆರ್ಚ್. ಎಲ್ಲ ಮಠದಲ್ಲೂ ಓಡುವುದು ಅದೇ ವಿಂಡೋಸ್ ಆಟ. ಆಟಗಳಿಗೆ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ದರ್ಜೆ ಕಟ್ಟುವ ವ್ಯವಸ್ಥೆಯೂ ಇದೆ. ಕಂಚಿನ ಆಟವನ್ನು ಬೆಳ್ಳಿ ಮಾಡಲು ರಾತ್ರಿಯೆಲ್ಲ ಆದೇಶ ಕುಟ್ಟುವ ಟರ್ಮಿನಲ್ ಎಂಬ ಕಪ್ಪು ಕಿಟಕಿಯ ಮುಂದೆ ಜಾಗರಣೆ ಮಾಡುವವರಿದ್ದಾರೆ. ಮುಕ್ತ ಅನ್ನುವ ಸ್ಟೀಮ್ ಓಎಸ್ ಮೇಲೆ ಕೂತ ಸ್ಟೀಮ್ ಅಂಗಡಿ ಮಾತ್ರ ಮುಕ್ತ ಅಲ್ಲ. ನೀವು ಕೊಳ್ಳುತ್ತಿರುವುದು ಆಟವನ್ನಲ್ಲ, ಆಟದ ಪರವಾನಗಿಯನ್ನು ಎಂದು 2024ರ ಅಕ್ಟೋಬರಿನಿಂದ ದುಡ್ಡು ಕಟ್ಟುವ ಜಾಗದಲ್ಲೇ ಬರೆದಿದ್ದಾರೆ. ಬೆಂಗಳೂರಿನಲ್ಲಿ ಇದಕ್ಕೆ ಲೀಸು ಅನ್ನುತ್ತೇವೆ. ನಮ್ಮಲ್ಲಾದರೆ ಮನೆ ಬಿಡುವಾಗ ದುಡ್ಡು ವಾಪಸ್ ಬರುತ್ತದೆ.

ಇನ್ನು ನಮ್ಮ ಕಡೆಯ ಪಾಡು. ಸ್ಟೀಮ್ ಡೆಕ್ಕನ್ನು ವಾಲ್ವ್ ಭಾರತದಲ್ಲಿ ಅಧಿಕೃತವಾಗಿ ಮಾರಲೇ ಇಲ್ಲ. ಅದರ ಭಾರತೀಯ ವಿತರಕ ಅಂದರೆ ಅಮೆರಿಕದಿಂದ ಬರುವ ಭಾವನ ಸೂಟ್‌ಕೇಸು, ಅಳಿದುಳಿದವರಿಗೆ ದಲ್ಲಾಳಿಗಳು. ಇಲ್ಲಿ ಬಿಲ್ಲು, ವಾರಂಟಿ ಸಮೇತ ಬಂದದ್ದು ವಿಂಡೋಸ್ ಕೈಯಂತ್ರಗಳು. ಏಸಸ್‌ನ ಆರ್‌ಓಜಿ ಅಲೈ 2023ರ ಜುಲೈನಲ್ಲಿ 69,990 ರೂಪಾಯಿಗೆ ಬಂತು. ಲಿನಕ್ಸ್ ಬೇಕೆನ್ನುವ ಕನ್ನಡಿಗ ಮೊದಲು ವಿಂಡೋಸ್ ಕೊಂಡುಕೊಳ್ಳಬೇಕು. ಆಮೇಲೆ ಅದನ್ನು ತಾನೇ ಅಳಿಸಬೇಕು. ಲೆಕ್ಕದ ಪುಸ್ತಕದಲ್ಲಿ ಅವನು ಇಂದಿಗೂ ವಿಂಡೋಸಿನ ಸಂತುಷ್ಟ ಗ್ರಾಹಕ.

ಅಷ್ಟರಲ್ಲಿ ಅಕ್ಕ ನಿಜವಾದ ಬಜ್ಜಿ ತಂದಿಟ್ಟಳು. ಶಶಿ ಎಣ್ಣೆ ಕೈ ತಗುಲದಂತೆ ಯಂತ್ರವನ್ನು ಎತ್ತಿ ಹಿಡಿದು ತೋರಿಸಿದ. ಬಜೈಟ್ ಎದ್ದು ಕೂತಿತ್ತು, ಮೈಕ್ರೋಸಾಫ್ಟ್ ಖಾತೆಯನ್ನು ಕೇಳದೆ.

"ಹಾಗಾದ್ರೆ ವಿಂಡೋಸ್ ಪೂರ್ತಿ ಹೋಯ್ತು ಅನ್ನು."

"ಇಲ್ಲ ಮಾವ, ಒಂದು ಮೂಲೇಲಿ ಮತ್ತೆ ಹಾಕ್ಕೋಬೇಕು. ಫ್ರೆಂಡ್ಸ್ ಎಲ್ಲಾ ರಾತ್ರಿ ಫೋರ್ಟ್‌ನೈಟ್ ಆಡ್ತಾರೆ."

"ಮೂಲೆ ಅಂದ್ರೆ ಎಷ್ಟು ಜಾಗಾನಪ್ಪಾ?"

ಶಶಿ ಬಜ್ಜಿ ಬಾಯಿಗೆ ಹಾಕಿಕೊಂಡ. "ಅರ್ಧ" ಅಂದ.